ಅದು ಲಾರಿ ಸದ್ದಾಗಿರಲಿಲ್ಲ

ಹೋದ ವಾರ ಹೊಸಪೇಟೆ ಬಸ್ ನಿಲ್ದಾಣದಲ್ಲಿ, ಕಂಪ್ಲಿಯಿಂದ ಬಂದ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ನನ್ನ ಪಕ್ಕದಲ್ಲೇ ನಿಂತು ತಲೆಯ ಮೇಲಿದ್ದ ಕೊಪ್ಪೆ ತೆಗೆದು ಕೊಡವಿದಳು. ಗೊಬ್ಬರದ ಪ್ಲಾಸ್ಟಿಕ್ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಮಾಡಿಕೊಂಡ ಕೊಪ್ಪೆ. ನಾಲ್ಕು ಹನಿ ಹಾರಿ ನನ್ನ ಕೈಮೇಲೆ ಬಿದ್ದವು. ಜೊತೆಗೆ ಆ ವಾಸನೆ... ಹಳೆಯ ಯೂರಿಯಾದ ಘಾಟು, ಗದ್ದೆಯ ಕೆಸರು, ಒದ್ದೆ ಕೂದಲು ಎಲ್ಲ ಕೂಡಿದ್ದು. ಮಳೆ ಆಗಲೇ ನಿಂತಿತ್ತು. ಗುಡುಗು ಎಲ್ಲೂ ಇರಲಿಲ್ಲ. ಆದರೂ ನನ್ನ ಕಾಲುಗಳು ತಮ್ಮಷ್ಟಕ್ಕೆ ತಾವೇ ನಿಲ್ದಾಣದ ಒಳಗೋಡೆಯ ಕಡೆ ಸರಿದವು.

"ಯಾಕ್ರೀ ಟೀಚರ್, ಚಳಿ ಆಗಾಕತ್ತೈತೇನು?" ಎಂದು ನಮ್ಮ ಅಂಗನವಾಡಿಯ ಸಹಾಯಕಿ ಕೇಳಿದಳು. ಹೂಂ ಎಂದೆ. ಚಳಿ ಏನಿರಲಿಲ್ಲ. ನಮ್ಮ ಮೇಸ್ತ್ರಿಯಕ್ಕ ನೆನಪಾಗಿದ್ದಳು.

ಹದಿನೈದು ವರ್ಷದ ಹಿಂದಿನ ಮಾತು ಇದು. ನಾನು ಸಂಡೂರಿನ ಕಡೆಯವಳು. ಅಪ್ಪ ದೋಣಿಮಲೈಯಲ್ಲಿ ಗಣಿ ಕೆಲಸಕ್ಕೆ ಹೋಗುತ್ತಿದ್ದ. ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ ಕಂಪ್ಲಿ ಹತ್ತಿರದ ಹಳ್ಳಿಗೆ ಬಂದೆ. ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ. ಮಗಳು ಹುಟ್ಟಿ ಅವಳಿಗೆ ಮೂರು ತುಂಬುವ ಹೊತ್ತಿಗೆ, ಒಬ್ಬರ ದುಡಿಮೆಯಲ್ಲಿ ಮನೆ ನಡೆಯುವುದಿಲ್ಲ ಎನ್ನುವುದು ಸ್ಪಷ್ಟವಾಗಿತ್ತು. ಮಗಳನ್ನು ಅವ್ವನ ಹತ್ತಿರ ಸಂಡೂರಿನಲ್ಲಿ ಬಿಟ್ಟು ನಾನು ನಾಟಿ ಗುಂಪಿಗೆ ಸೇರಿದೆ. ಹನ್ನೆರಡು ಹೆಂಗಸರ ಗುಂಪು. ಯಾರ ಗದ್ದೆಗೆ ಹೋಗಬೇಕು, ಎಷ್ಟು ಹೊತ್ತಿಗೆ ಇಳಿಯಬೇಕು, ಎಷ್ಟು ಹೊತ್ತಿಗೆ ಏಳಬೇಕು, ಎಲ್ಲಕ್ಕೂ ಮೇಸ್ತ್ರಿಯಕ್ಕನ ಮಾತೇ ಕೊನೆ.

ಐವತ್ತರ ಆಸುಪಾಸಿನ ಎತ್ತರದ ಒಣಕಲು ಹೆಂಗಸು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಬೆನ್ನು ಬಗ್ಗಿಸಿದಳೆಂದರೆ ಸಾಲು ಮುಗಿಯುವ ತನಕ ನೆಟ್ಟಗಾಗುತ್ತಿರಲಿಲ್ಲ. ಆದರೆ ನಡುವೆ ಒಮ್ಮೊಮ್ಮೆ ತಟ್ಟನೆ ಎದ್ದು ನಿಂತು, ಕೆಸರಿನ ಕೈಯನ್ನು ಹಣೆಗೆ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದಳು. ನಾಲ್ಕು ದಿಕ್ಕನ್ನೂ ನೋಡುತ್ತಿದ್ದಳು. ಮುಖದಲ್ಲಿ ಒಂದು ಥರದ ದಿಗಿಲು. ಮನೆಯಲ್ಲಿ ಒಲೆ ಆರಿಸದೆ ಬಂದವರ ಮುಖದಲ್ಲಿ ಇರುತ್ತದಲ್ಲ, ಅಂಥದು.

ಮೊದಲ ದಿನ ನಾನು ಹೋದಾಗ, ನಾಟಿ ಹಚ್ಚಲು ಬರುತ್ತದೆಯೇ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಬರುವುದಿಲ್ಲ, ಕಲಿಯುತ್ತೇನೆ ಎನ್ನುವ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

"ಕಿವಿ ಹೆಂಗದಾವವ್ವ ನಿನ್ನವು?"

"ಚೊಲೋ ಅದಾವಕ್ಕ."

"ಹಂಗಾದ್ರ ನನ್ನ ಎಡಕ್ಕ ನಿಂದ್ರು."

ಅವಳ ಎಡಗಿವಿ ಪೂರ್ತಿ ಕಿವುಡು ಎಂದು ಆಮೇಲೆ ತಿಳಿಯಿತು. ಒಂದೇ ಕಿವಿ ಕೇಳುವವರಿಗೆ ಸದ್ದು ಕೇಳುತ್ತದೆ, ಆದರೆ ಅದು ಯಾವ ದಿಕ್ಕಿನಿಂದ ಬಂತು ಎನ್ನುವುದು ಗೊತ್ತಾಗುವುದಿಲ್ಲವಂತೆ. ದೂರದ ಸಣ್ಣ ಸದ್ದು ಎಡಕ್ಕಿದ್ದರೆ ತಪ್ಪಿಯೇ ಹೋಗುತ್ತದಂತೆ. ಹಾಗಾಗಿ ಅವಳ ಎಡಕ್ಕೆ ಯಾವಾಗಲೂ ಒಬ್ಬಳು ಇರಬೇಕು. ಗುಡುಗಿದರೆ ಹೇಳಬೇಕು. ಯಾವ ಕಡೆಯಿಂದ ಎಂದೂ ಹೇಳಬೇಕು. ಅದೇ ನನ್ನ ಕೆಲಸ.

ನಾನು ಹೆಮ್ಮೆಯಿಂದಲೇ ಒಪ್ಪಿಕೊಂಡಿದ್ದೆ. "ಅಕ್ಕ, ನಾ ದಿನಾ ಗಣಿ ಬ್ಲಾಸ್ಟಿಂಗ್ ಕೇಳ್ಕೋತ ಬೆಳೆದಾಕಿ. ಬ್ಲಾಸ್ಟ್ ಯಾವುದು, ಲಾರಿ ಯಾವುದು, ಗುಡುಗು ಯಾವುದು, ಕಣ್ಣು ಮುಚ್ಚಿ ಹೇಳ್ತೀನಿ," ಎಂದು ಜಂಬ ಕೊಚ್ಚಿಕೊಂಡಿದ್ದೆ ಕೂಡ. ಆವತ್ತಿನಿಂದ ಅವಳು ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. ನಾನು ಸಂಡೂರಾಕಿ.

ಗದ್ದೆ ಒಪ್ಪಿಕೊಳ್ಳುವ ಮೊದಲು ಅವಳು ಮಾಲೀಕರಿಗೆ ಒಂದು ಪ್ರಶ್ನೆ ಹಾಕುತ್ತಿದ್ದಳು. "ಹತ್ತಿರ ಮನಿ ಯಾವುದೈತ್ರಿ?" ಹೊಸಬರು ಕುಡಿಯುವ ನೀರಿಗೆ ಕೇಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ನಾಲ್ಕು ಗೋಡೆ ಮತ್ತು ಗಟ್ಟಿ ಮಾಳಿಗೆ ಇರುವ ಮನೆ, ಇಲ್ಲವೇ ತಗಡಿನ ಮೈಯ ಮುಚ್ಚಿದ ಗಾಡಿ. ನಾಲ್ಕು ಕಂಬದ ಗುಡಿಸಲು ನಡೆಯುತ್ತಿರಲಿಲ್ಲ. ಮರವಂತೂ ಬಿಲ್ಕುಲ್ ನಡೆಯುತ್ತಿರಲಿಲ್ಲ. ಗದ್ದೆಗೆ ಇಳಿಯುವ ಮೊದಲು ಆ ಮನೆಯ ತನಕ ನಡೆದು ಹೋಗಿ, ಹೆಜ್ಜೆ ಎಣಿಸಿ ಬರುತ್ತಿದ್ದಳು. ದೂರ ಜಾಸ್ತಿ ಎನಿಸಿದರೆ, ಮಳೆಗಾಲದ ಮಧ್ಯಾಹ್ನ ಆ ಗದ್ದೆಗೆ ನಮ್ಮನ್ನು ಇಳಿಸುತ್ತಲೇ ಇರಲಿಲ್ಲ.

ಮಿಂಚು ಕಂಡರೆ ಎಣಿಸಬೇಕು. ಮೂವತ್ತು ಎನ್ನುವುದರೊಳಗೆ ಗುಡುಗು ಕೇಳಿಸಿದರೆ ಎದ್ದು ನಡೆಯಬೇಕು. ಮಿಂಚು ಕಾಣದೆ ಬರೀ ಗುಡುಗು ಕೇಳಿಸಿದರೂ ಅಷ್ಟೇ, ಏಳಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಕಾಲಿಡುವಂತಿಲ್ಲ. ಬಿಸಿಲು ಬಿದ್ದರೂ ಇಲ್ಲ. ಹೋಗುವಾಗ ಒಬ್ಬರ ಕೈ ಒಬ್ಬರು ಹಿಡಿಯಬಾರದು. ಗುಂಪುಗೂಡಬಾರದು. ತಂತಿ ಬೇಲಿ ಮುಟ್ಟಬಾರದು. ಒಳಗೆ ಹೋದ ಮೇಲೆ ಬಾಗಿಲ ಬಾಯಲ್ಲಿ ನಿಂತು ಮಳೆ ನೋಡಬಾರದು. ಇದನ್ನೆಲ್ಲ ಎಷ್ಟು ಸಲ ಹೇಳಿದ್ದಳೋ... ಎಲ್ಲರಿಗೂ ಸಾಕುಸಾಕಾಗಿತ್ತು. ಸುತ್ತಲಿನ ಊರುಗಳಲ್ಲಿ ನಮಗೆ 'ಗುಡುಗಿನ ಗುಂಪು' ಎಂದು ಹೆಸರು ಬಿದ್ದಿತ್ತು. ಬೇರೆ ಗುಂಪಿನ ಹೆಂಗಸರು ದಾರಿಯಲ್ಲಿ ಸಿಕ್ಕರೆ "ಇವತ್ತು ಮೋಡ ಐತಲ್ರೇ, ಮನಿ ಬಿಟ್ಟು ಹೆಂಗ ಬಂದ್ರಿ?" ಎಂದು ನಗುತ್ತಿದ್ದರು.

ಇನ್ನೊಂದು ವಿಚಿತ್ರ ಇತ್ತು. ಕೆಲಸ ಇಲ್ಲದ ದಿನ ನಮ್ಮನ್ನೆಲ್ಲ ತನ್ನ ಮನೆಯ ಕಟ್ಟೆಗೆ ಕರೆದು, ತೌಡಿನ ಚೀಲವೊಂದನ್ನು ಅಂಗಾತ ಮಲಗಿಸಿ, ಅದರ ಎದೆ ಒತ್ತಿಸುತ್ತಿದ್ದಳು. ಊರಿನ ಆರೋಗ್ಯ ಕೇಂದ್ರಕ್ಕೆ ಬರುತ್ತಿದ್ದ ನರ್ಸಮ್ಮನನ್ನು ಕಾಡಿ ಬೇಡಿ ಕಲಿತುಕೊಂಡದ್ದಂತೆ. ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ಮಡಚದೆ, ಎದೆಯ ನಟ್ಟನಡುವೆ ಒತ್ತಬೇಕು. ಜೋರಾಗಿ, ಜಲ್ದಿ ಜಲ್ದಿ. ಮೂವತ್ತು ಸಲ ಒತ್ತಿ ಎರಡು ಸಲ ಬಾಯಿಗೆ ಬಾಯಿಟ್ಟು ಉಸಿರು ಊದಬೇಕು. ನಾವು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಹುಲಿಗೆಮ್ಮ, ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. ಅವಳು ತೌಡಿನ ಚೀಲಕ್ಕೆ "ಏಳ್ರೀ ಯಜಮಾನ್ರೇ" ಎನ್ನುತ್ತಿದ್ದಳು. ಅಕ್ಕ ಮಾತ್ರ ನಗುತ್ತಿರಲಿಲ್ಲ. "ಮತ್ತ ಒತ್ತು. ಇಷ್ಟು ಮೆತ್ತಗ ಒತ್ತಿದ್ರ ಯಾರೂ ಏಳಂಗಿಲ್ಲ," ಎನ್ನುತ್ತಿದ್ದಳು.

ಅವಳ ತಂಗಿಯ ಸುದ್ದಿ ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ. ಅವಳಾಗಿಯೇ ಹೇಳಿದಳು, ಯಾರೂ ಕೇಳಿರಲಿಲ್ಲ. ಇಬ್ಬರೂ ಕಮಲಾಪುರದ ಬಾಳೆತೋಟಕ್ಕೆ ಕೂಲಿಗೆ ಹೋಗುತ್ತಿದ್ದರಂತೆ. ಅಕ್ಕನಿಗೆ ಇಪ್ಪತ್ತೆರಡು, ತಂಗಿಗೆ ಹದಿನೆಂಟು. ಮಳೆ ಬಂತೆಂದು ಏಳೆಂಟು ಮಂದಿ ಓಡಿಹೋಗಿ ಹುಣಸೆಮರದ ಬುಡದಲ್ಲಿ ನಿಂತಿದ್ದಾರೆ. ಸಿಡಿಲು ಮರಕ್ಕೆ ಬಡಿದಿದೆ. ಅಕ್ಕನಿಗೆ ಎಚ್ಚರ ಬಂದಾಗ ಎಡಗಿವಿಯಿಂದ ರಕ್ತ. ತಂಗಿ ಎರಡು ಮಾರು ದೂರದಲ್ಲಿ ಮಲಗಿದ್ದಳಂತೆ. ಮೈಮೇಲೆ ಒಂದು ಗಾಯ ಕೂಡ ಇರಲಿಲ್ಲವಂತೆ. ಬಳೆ ಸಹ ಒಡೆದಿರಲಿಲ್ಲವಂತೆ.

"ಮುಟ್ಟಬ್ಯಾಡ್ರಿ, ಮುಟ್ಟಿದೋರಿಗೂ ಹೊಡೀತೈತಿ ಅಂದ್ರು. ಯಾರೂ ಮುಟ್ಟಲಿಲ್ಲ," ಎಂದಳು. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತ್ತು. "ನಾನೂ ಮುಟ್ಟಲಿಲ್ಲ. ದೂರ ಕುಂತು ಅತ್ನಿ. ಆಮ್ಯಾಲ ದವಾಖಾನಿಗೆ ಒಯ್ದಾಗ ಡಾಕ್ಟರು ಕೇಳಿದ್ರು, ಬಿದ್ದ ಕೂಡ್ಲೇ ಯಾರಾದ್ರೂ ಎದಿ ಒತ್ತಿದ್ರೇನು ಅಂತ. ಸಿಡಿಲು ಬಡಿದೋರ ಮೈಯಾಗ ಕರೆಂಟ್ ಉಳಿಯಂಗಿಲ್ಲಂತ. ಮುಟ್ಟಬಹುದಾಗಿತ್ತಂತ..."

ಅಷ್ಟು ಹೇಳಿ, ಕೈಯಲ್ಲಿದ್ದ ತುತ್ತನ್ನು ಬುತ್ತಿಯ ಬಟ್ಟೆಗೇ ಇಟ್ಟು ಎದ್ದು ಹೋದಳು. ಆಮೇಲೆ ತೌಡಿನ ಚೀಲದ ಮುಂದೆ ಯಾರೂ ನಗಲಿಲ್ಲ.

ಆ ವರ್ಷ ಕಾಲುವೆಯ ಕೊನೆ ಭಾಗಕ್ಕೆ ನೀರು ತಡವಾಗಿ ಬಂತು. ಉಳಿದ ಕಡೆ ಪೈರು ಮೊಣಕಾಲುದ್ದ ಆಗಿದ್ದಾಗ, ಅಲ್ಲಿ ಸೆಪ್ಟೆಂಬರಿನಲ್ಲಿ ನಾಟಿ ನಡೆಯುತ್ತಿತ್ತು. ಬೆಳಿಗ್ಗೆ ಉರಿಬಿಸಿಲು, ಮಧ್ಯಾಹ್ನ ಮೂರರ ಮೇಲೆ ಎಲ್ಲಿಂದಲೋ ಮೋಡ. ಅಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತರುತ್ತಿದ್ದ ದಿನಗಳು ಅವು.

ಆವತ್ತಿನ ಗದ್ದೆಯ ಹತ್ತಿರ ಇದ್ದದ್ದು ಕಾಲುವೆಯ ನೀರು ಬಿಡುವ ನೀರಗಂಟಿಯ ಕ್ವಾರ್ಟರ್ಸ್ ಒಂದೇ. ಒಂದು ಕೋಣೆ, ಗಟ್ಟಿ ಮಾಳಿಗೆ. ಅಕ್ಕ ಹೆಜ್ಜೆ ಎಣಿಸಿ ಬಂದು, "ಸ್ವಲ್ಪ ದೂರನ ಆತು. ಕಿವಿ ಎಚ್ಚರ ಇರ್ಲಿ," ಎಂದು ನನಗೆ ಹೇಳಿದ್ದಳು. ಬದುವಿನ ಮೇಲೆ ಒಂದು ಹಳೆಯ ಬೇವಿನಮರ. ನಮ್ಮ ಬುತ್ತಿ ಚೀಲಗಳನ್ನೆಲ್ಲ ಅದರ ಕೊಂಬೆಗೆ ತೂಗುಹಾಕಿದ್ದೆವು. ಗದ್ದೆಯ ಯಜಮಾನರು ಬೆಳಿಗ್ಗೆಯಿಂದ ಬದುವಿನ ಮೇಲೇ ನಿಂತಿದ್ದರು. ನಾಳೆಯಿಂದ ನೀರಿನ ಸರದಿ ಅವರದಲ್ಲ. ಇವತ್ತೇ ನಾಟಿ ಮುಗಿಯಬೇಕು. ಹಿಂದಿನ ದಿನ ಗುಡುಗಿದಾಗ ಅಕ್ಕ ನಮ್ಮನ್ನು ಎಬ್ಬಿಸಿ ಒಂದೂವರೆ ತಾಸು ಕೂರಿಸಿದ್ದು, ಆಮೇಲೆ ಒಂದು ಹನಿಯೂ ಬೀಳದೆ ಮೋಡ ಹಾದುಹೋಗಿದ್ದು ಅವರಿಗೆ ನೆನಪಿತ್ತು.

"ನೋಡವ್ವ, ಇವತ್ತು ನಿನ್ನ ಗುಡುಗಿನ ಆಟ ನಡೆಯಂಗಿಲ್ಲ," ಎಂದು ಅಕ್ಕನಿಗೆ ಎಲ್ಲರೆದುರೂ ಹೇಳಿದರು. "ಇವತ್ತೂ ಎಬ್ಬಿಸಿದಿ ಅಂದ್ರ ಮುಂದಿನ ವರ್ಷ ನಾಟಿ ಮಷೀನ್ ತರಿಸ್ತೀನಿ. ನಿಮ್ಮ ಗುಂಪಿಗೆ ಈ ಕಡಿ ಕೆಲಸ ಇರಂಗಿಲ್ಲ."

ಅಕ್ಕ ಸೀರೆ ಎತ್ತಿ ಕಟ್ಟಿದಳು. ಗದ್ದೆಗೆ ಇಳಿದಳು.

ಬುತ್ತಿ ಉಣ್ಣುವ ಹೊತ್ತಿಗೆ ಅವ್ವನ ಫೋನ್ ಬಂತು. ಮಗಳಿಗೆ ಎರಡು ದಿನದಿಂದ ಜ್ವರ, ಇವತ್ತು ಏನೂ ಕುಡಿಯುತ್ತಿಲ್ಲ, ಸಂಜೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ನೀನು ಬಾ ಎಂದಳು. ಕಂಪ್ಲಿಯಿಂದ ಐದು ಗಂಟೆಯ ಬಸ್ ಹಿಡಿದರೆ ಹೊಸಪೇಟೆಯಲ್ಲಿ ಸಂಡೂರಿನ ಬಸ್ ಸಿಗುತ್ತಿತ್ತು. ಅಕ್ಕನಿಗೆ ಹೇಳಿದೆ. "ಈ ಮಡಿ ಮುಗಿದ ಕೂಡ್ಲೇ ನೀ ಹೋಗು," ಎಂದಳು. ಅಲ್ಲಿಂದ ನನ್ನ ಕೈ ಹೇಗೆ ಓಡಿತು ಎಂದು ನನಗೇ ಗೊತ್ತಿಲ್ಲ. ಮಗಳ ಒಣಗಿದ ತುಟಿ ಕಣ್ಣೆದುರಿಗೇ ಇತ್ತು. ಸಸಿ, ಕೆಸರು, ಸಸಿ, ಕೆಸರು... ಬಾಯಲ್ಲಿ ಸಮಯದ ಲೆಕ್ಕ.

ಮೂರೂವರೆ ಇರಬೇಕು. ಹಂಪಿ ಕಡೆಯ ಬಂಡೆಗುಡ್ಡಗಳ ಹಿಂದಿನಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ. ಹೊಟ್ಟೆಯೊಳಗೆ ಕಲ್ಲು ಹೊರಳಿದ ಹಾಗೆ. ಸಾಲಿನ ಆ ತುದಿಯಲ್ಲಿ ಹುಲಿಗೆಮ್ಮನವರು ಏನೋ ಮಾತಾಡಿ ನಗುತ್ತಿದ್ದರು, ಅವರಿಗೆ ಕೇಳಲಿಲ್ಲ. ನನಗೆ ಕೇಳಿತು. ಏನೆಂದು ತಿಳಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ.

ಅಕ್ಕ ನೆಟ್ಟಗಾದಳು. "ಏನದು?"

ಈಗ ಎದ್ದರೆ ಕ್ವಾರ್ಟರ್ಸಿನಲ್ಲಿ ಅರ್ಧ ಗಂಟೆ. ಇನ್ನೊಂದು ಗುಡುಗಿದರೆ ಮತ್ತೆ ಅರ್ಧ ಗಂಟೆ. ಬಸ್ ಹೋಗಿಬಿಡುತ್ತದೆ.

"ಲಾರಿ ಇರಬೇಕಕ್ಕ," ಎಂದೆ. "ಗಂಗಾವತಿ ರೋಡಿನ್ಯಾಗ."

ಅವಳು ನನ್ನ ಮುಖ ನೋಡಿದಳು. ನಾನು ಸಸಿಯ ಕಡೆ ಬಗ್ಗಿದೆ. ಅವಳು ಆಕಾಶ ನೋಡಿದಳು, ಬದುವಿನ ಮೇಲಿದ್ದ ಯಜಮಾನರನ್ನು ನೋಡಿದಳು. ಆಮೇಲೆ ಅವಳೂ ಬಗ್ಗಿದಳು. ಇನ್ನೊಂದು ಸಲ ಕೇಳಿದರೆ ಹೇಳಿಬಿಡುತ್ತೇನೆ, ಇನ್ನೊಂದು ಸಲ ಕೇಳಿದರೆ ಖಂಡಿತ ಹೇಳುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇನ್ನೊಂದು ಸಲ ಕೇಳಲಿಲ್ಲ. ಕಾಲು ಗಂಟೆ ಏನೂ ಕೇಳಲಿಲ್ಲ. ಬಚಾವಾದೆ ಅಂದುಕೊಂಡೆ.

ಆಮೇಲೆ ಗಾಳಿ ಒಮ್ಮೆಗೇ ತಣ್ಣಗಾಯಿತು. ತಲೆ ಎತ್ತಿದರೆ ಮೋಡ ನಮ್ಮ ಅರ್ಧ ಆಕಾಶ ನುಂಗಿತ್ತು. ಮಿಂಚಿತು. ನಾನು ಎಣಿಸಿದೆ. ಎಂಟಕ್ಕೇ ಗುಡುಗು ನೆಲಕ್ಕೆ ಬಿತ್ತು.

"ಏಳ್ರಿ! ಎಲ್ಲಾ ಬಿಟ್ಟು ಏಳ್ರಿ!" ಅಕ್ಕನ ಧ್ವನಿ ಹರಿದುಹೋಗಿತ್ತು. ಯಜಮಾನರು "ನಾಲ್ಕು ಸಾಲು ಉಳಿದಾವ..." ಎಂದು ಶುರು ಮಾಡಿದವರು ಎರಡನೆಯ ಮಿಂಚಿಗೆ ತಾವೇ ಕ್ವಾರ್ಟರ್ಸಿನ ಕಡೆ ಓಡಿದರು. ಅವರ ಕಾರು ಅಲ್ಲೇ ಕಾಲುವೆ ದಾರಿಯಲ್ಲಿ ನಿಂತಿತ್ತು. ನಾವು ಬದು ಹತ್ತಿ ಓಡಿದೆವು. ಕೆಸರಿಗೆ ಕಾಲು ಜಾರುತ್ತಿತ್ತು. ಅಕ್ಕ ಹಿಂದಿನಿಂದ ಕೂಗುತ್ತಲೇ ಇದ್ದಳು. "ದೂರ ದೂರ ಹೋಗ್ರಿ! ಕೈ ಬಿಡ್ರಿ! ಒಬ್ಬರಿಗೊಬ್ಬರು ಅಂಟಬ್ಯಾಡ್ರಿ!"

ಹುಲಿಗೆಮ್ಮ ತಿರುಗಿದ್ದನ್ನು ನಾನು ನೋಡಿದೆ. ಅವಳ ಹೊಸ ಫೋನು ಬುತ್ತಿ ಚೀಲದಲ್ಲಿತ್ತು. ಮಳೆಗೆ ನೆನೆಯುತ್ತದೆ ಎಂದು ಬೇವಿನಮರದ ಕಡೆ ಹೊರಟಳು. "ಲೇ ಹುಲಿಗಿ! ಬ್ಯಾಡ! ಮರ ಬ್ಯಾಡ!" ಎಂದು ಅಕ್ಕ ಕಿರುಚಿದಳು. ಅಷ್ಟರಲ್ಲಿ ನನ್ನ ಕೈಮೇಲಿನ ಕೂದಲು ಎದ್ದು ನಿಂತವು. ತಲೆಯಲ್ಲಿ ಇರುವೆ ಹರಿದ ಹಾಗೆ. ಅಕ್ಕನಿಗೂ ಹಾಗೇ ಆಗಿರಬೇಕು. "ಕುಂದ್ರಿ! ಕಾಲು ಕೂಡಿಸಿ ಕುಂದ್ರಿ!" ಎಂದು ಕೂಗಿದಳು. ನಾನು ಇದ್ದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಕಿವಿ ಮುಚ್ಚಿ ತಲೆ ಮೊಣಕಾಲಿನೊಳಗೆ ತುರುಕಿದೆ.

ಬಿಳಿ. ಕಣ್ಣು ಮುಚ್ಚಿದ್ದರೂ ಬಿಳಿ. ಸದ್ದು ಕಿವಿಗೆ ಬಂದ ಹಾಗಿರಲಿಲ್ಲ, ಎದೆಗೆ ಗುದ್ದಿದ ಹಾಗಿತ್ತು.

ಕಣ್ಣು ಬಿಟ್ಟಾಗ ಬೇವಿನ ತೊಗಟೆ ಮೇಲಿಂದ ಕೆಳಗಿನ ತನಕ ಸುಲಿದು ಹೊಗೆಯಾಡುತ್ತಿತ್ತು. ಮರದಿಂದ ಐದಾರು ಮಾರು ಈಚೆಗೆ ಹುಲಿಗೆಮ್ಮ ಗದ್ದೆಯ ನೀರಿನಲ್ಲಿ ಬೋರಲು ಬಿದ್ದಿದ್ದಳು. ಮುಖ ನೀರೊಳಗೆ.

ಯಾರೂ ಅಲುಗಲಿಲ್ಲ. "ಮುಟ್ಟಬ್ಯಾಡ್ರೇ!" ಎಂದು ಯಾರೋ ಕೂಗಿದರು. ನಾನೂ ಅಲುಗಲಿಲ್ಲ. ಅದನ್ನು ಇವತ್ತಿಗೂ ಒಪ್ಪಿಕೊಳ್ಳಬೇಕು. ಅಕ್ಕ ಮಾತ್ರ ಓಡಿದಳು. ಐವತ್ತು ದಾಟಿದ ಹೆಂಗಸು, ಮೊಣಕಾಲುದ್ದ ಕೆಸರಿನಲ್ಲಿ, ತೆರೆದ ಬಯಲಿನಲ್ಲಿ, ಆ ಮರದ ಕಡೆಗೇ. ಹುಲಿಗೆಮ್ಮನ ರಟ್ಟೆ ಹಿಡಿದು ತಿರುಗಿಸಿ, ಬದುವಿನ ಮೇಲೆ ಎಳೆದು ಹಾಕಿದಳು.

"ಲೇ ಸಂಡೂರಾಕಿ! ಬಾ ಇಲ್ಲಿ! ಉಳಿದೋರು ಒಳಗ ಹೋಗ್ರಿ, ಆಂಬುಲೆನ್ಸಿಗೆ ಫೋನ್ ಹಚ್ರಿ!"

ಹೇಗೆ ಹೋದೆನೋ, ಹೋದೆ. ಹುಲಿಗೆಮ್ಮನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಉಸಿರಿರಲಿಲ್ಲ. ಅಕ್ಕ ಬಾಯೊಳಗಿನ ಕೆಸರು ಬೆರಳಿನಿಂದ ತೆಗೆದು ಎದೆ ಒತ್ತಲು ಶುರು ಮಾಡಿದಳು. ಗಟ್ಟಿಯಾಗಿ ಎಣಿಸುತ್ತಿದ್ದಳು. ಮೂವತ್ತಕ್ಕೆ ನಿಲ್ಲಿಸಿ "ಊದು" ಎನ್ನುತ್ತಿದ್ದಳು, ನಾನು ಊದುತ್ತಿದ್ದೆ. ಅವಳ ಕೈ ಸೋತಾಗ ನಾನು ಒತ್ತಿದೆ. "ಮೆತ್ತಗಾತು, ಇನ್ನೂ ಜೋರು," ಎಂದಳು. ಮಳೆ ಈಟಿಯ ಹಾಗೆ ಬೀಳುತ್ತಿತ್ತು. ಪ್ರತಿ ಮಿಂಚಿಗೂ ನನ್ನ ಬೆನ್ನು ತನ್ನಷ್ಟಕ್ಕೆ ಕುಗ್ಗುತ್ತಿತ್ತು. ಅಕ್ಕನ ತುಟಿ ನಡುಗುತ್ತಿತ್ತು, ಆದರೆ ಎಣಿಕೆ ತಪ್ಪಲಿಲ್ಲ. ಎಷ್ಟು ಹೊತ್ತು ಎಂದು ನನಗೆ ಹೇಳಲು ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ ಅನ್ನಿಸುತ್ತದೆ, ಕೆಲವು ಸಲ...

ಹುಲಿಗೆಮ್ಮ ಒಮ್ಮೆ ಬಿಕ್ಕಿದ ಹಾಗೆ ಮಾಡಿದಳು. ಮತ್ತೆ ಇಲ್ಲ. ಅಕ್ಕ ನಿಲ್ಲಿಸಲಿಲ್ಲ. ಎರಡನೆಯ ಸಲ ಕೆಮ್ಮಿದಳು, ಕೆಸರುನೀರು ಬಂತು, ಎದೆ ತಾನಾಗಿ ಏರಿ ಇಳಿಯಿತು. ಅಷ್ಟರಲ್ಲಿ ಯಜಮಾನರು ತಮ್ಮ ಕಾರನ್ನು ಕಾಲುವೆಯ ದಾರಿಯಿಂದ ಬದುವಿನ ತನಕ ತಂದಿದ್ದರು. ಬೆಳಿಗ್ಗೆ ನಮ್ಮನ್ನು ಬೆದರಿಸಿದವರೂ ಅವರೇ. ಆದರೆ ತಂದರು, ಅದನ್ನೂ ಹೇಳಬೇಕು. ಆಂಬುಲೆನ್ಸ್ ಕಾಯದೆ ಮೊದಲು ಕಂಪ್ಲಿ, ಅಲ್ಲಿಂದ ಹೊಸಪೇಟೆಗೆ ಕರೆದೊಯ್ದೆವು. ಕಾರಿನಲ್ಲಿ ಹುಲಿಗೆಮ್ಮನ ತಲೆ ಅಕ್ಕನ ತೊಡೆಯ ಮೇಲಿತ್ತು. ಅಕ್ಕ ಅವಳ ಮೂಗಿನ ಹತ್ತಿರ ಇಟ್ಟ ಬೆರಳನ್ನು ದಾರಿಯುದ್ದಕ್ಕೂ ತೆಗೆಯಲಿಲ್ಲ.

ಹುಲಿಗೆಮ್ಮ ಬದುಕಿದಳು. ಬಲಗಾಲು ಆರು ತಿಂಗಳು ಜೋಮು ಹಿಡಿದ ಹಾಗೇ ಇತ್ತು. ನನ್ನ ಮಗಳ ಜ್ವರ ಮಾರನೆಯ ದಿನ ಇಳಿಯಿತು. ಒಂದು ಬಾಟಲಿ ಔಷಧಿಗೆ ವಾಸಿಯಾಗುವ ಜ್ವರ ಅದು.

ಎಂಟು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ಸಂಡೂರಾಕಿ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟಳಂತೆ ಎಂದು ಊರೆಲ್ಲ ಸುದ್ದಿ. ಆ ಮಾತು ಬಂದಲ್ಲಿಂದ ನಾನು ಎದ್ದು ಹೋಗುತ್ತಿದ್ದೆ. ಒಂಬತ್ತನೆಯ ದಿನ ಹೊಸಪೇಟೆಯ ಆಸ್ಪತ್ರೆಯಲ್ಲಿ, ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಅಕ್ಕ ಒಬ್ಬಳೇ ಕುಳಿತಿದ್ದಳು. ನಾನು ಅವಳ ಬಲಗಡೆ ಕುಳಿತೆ. ಕೇಳಿಸಲಿ ಎಂದೇ ಬಲಗಡೆ.

"ಅಕ್ಕ, ಅದು ಲಾರಿ ಅಲ್ಲ."

ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹಚ್ಚುತ್ತಲೇ ಇದ್ದಳು.

"ಗೊತ್ತು," ಎಂದಳು.

ನನಗೆ ಅರ್ಥವಾಗಲಿಲ್ಲ.

"ಈ ಕಿವಿ ಚೊಲೋ ಐತಲ್ಲ. ಯಾವ ಕಡಿ ಅಂತ ತಿಳಿಯಂಗಿಲ್ಲ, ಅಷ್ಟ. ಗುಡುಗು ಅಂತ ತಿಳೀತೈತಿ." ಎಲೆಯನ್ನು ಮಡಚಿದಳು. ಬಾಯಿಗೆ ಹಾಕಿಕೊಳ್ಳಲಿಲ್ಲ. "ಮಷೀನ್ ತರಿಸ್ತೀನಿ ಅಂದಿದ್ನಲ್ಲ ಆತ. ಹನ್ನೆರಡು ಮಂದಿ ಕೆಲಸ ಹೋಗ್ತೈತಿ ಅಂತ... ನೀ ಲಾರಿ ಅಂದಿ. ನನಗ ಅದ ಬೇಕಾಗಿತ್ತು. ನಾ ಹೇಳ್ಲಿಲ್ಲ, ಈಕಿ ಹೇಳಿದ್ಲು ಅಂತ ಬಗ್ಗಿದ್ನಿ."

ವಾರ್ಡಿನೊಳಗಿನಿಂದ ಹುಲಿಗೆಮ್ಮ ಯಾರಿಗೋ ನೀರು ಕೇಳುತ್ತಿದ್ದಳು. ಅಕ್ಕ ಆ ಕಡೆ ನೋಡಿದಳು.

"ಆಕಿ ಸತ್ತಿದ್ರ, ನಾ ನಿನ್ನ ಹೆಸರ ಹೇಳ್ತಿದ್ನೋ ಏನೋ. ಅದಕ್ಕ ನನಗ ನಿದ್ದಿ ಬರವಲ್ದು."

ನಾನು ಅತ್ತೆ. ಅವಳು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ.

ಹುಲಿಗೆಮ್ಮ ಮನೆಗೆ ಬಂದ ಮೇಲೆ, ಅಕ್ಕ ಗುಂಪನ್ನೆಲ್ಲ ತನ್ನ ಕಟ್ಟೆಗೆ ಕರೆದಳು. "ನನಗ ಕೇಳಿತ್ತು. ನಾ ನಿಮ್ಮನ್ನ ಎಬ್ಬಿಸ್ಲಿಲ್ಲ," ಎಂದಳು. ಅಷ್ಟೇ ಹೇಳಿದಳು. ಕಾರಣ ಹೇಳಲಿಲ್ಲ, ನನ್ನ ಮಾತು ಎತ್ತಲಿಲ್ಲ. ನಾನು ಎದ್ದು ನಿಂತು ನನ್ನದನ್ನು ನಾನೇ ಹೇಳಿದೆ. ಹುಲಿಗೆಮ್ಮನ ಅತ್ತೆ ನಮ್ಮಿಬ್ಬರಿಗೂ ಬಾಯಿಗೆ ಬಂದ ಹಾಗೆ ಬೈದಳು. ಮೂರು ಮಂದಿ ಆವತ್ತೇ ಗುಂಪು ಬಿಟ್ಟರು. ಹುಲಿಗೆಮ್ಮ ಮಾತ್ರ ಗೋಡೆಗೆ ಒರಗಿ ಕುಳಿತವಳು, "ಫೋನಿಗೆ ಹೋದಾಕಿ ನಾನಲ್ಲೇನು?" ಎಂದಳು.

ಆಮೇಲೆ ಅಕ್ಕ ಮೊದಲಿಗಿಂತಲೂ ಹೆದರುವವಳಾದಳು. ಮೋಡ ಮುಸುಕಿದರೆ ಸಾಕು, ಎಬ್ಬಿಸುತ್ತಿದ್ದಳು. ಯಾರು ಏನೆಂದರೂ ಕೇಳುತ್ತಿರಲಿಲ್ಲ. ಎರಡು ವರ್ಷಕ್ಕೆ ಆ ಯಜಮಾನರ ಗದ್ದೆಗೆ ಮಷೀನ್ ಬಂದೇ ಬಂತು. ನಾವು ಎದ್ದಿದ್ದರೂ ಬರುತ್ತಿತ್ತು, ಏಳದಿದ್ದರೂ ಬರುತ್ತಿತ್ತು. ಗುಂಪು ಕರಗಿ ಆರು ಮಂದಿಗೆ ಬಂದು ನಿಂತಿತು. ನನಗೆ ಹೊಸಪೇಟೆಯ ಹೊರವಲಯದ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು, ಊರು ಬಿಟ್ಟೆ. ಅಕ್ಕ ಮಾತ್ರ ನನ್ನನ್ನು ಬಿಡಲಿಲ್ಲ. ಕಂಪ್ಲಿಯಲ್ಲಿ ಮೋಡ ಎದ್ದರೆ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. "ಮಕ್ಕಳನ್ನ ಒಳಗ ಹಾಕ್ಕೊಂಡಿ? ನೀ ಎಲ್ಲದಿ?" ಎಂದು ಕೇಳುತ್ತಿದ್ದಳು. ಇಲ್ಲಿ ಸುಡು ಬಿಸಿಲಿದೆ ಅಕ್ಕ ಎಂದರೂ, "ಆ ಕಡಿನ ಹೊಂಟೈತಿ, ಒಳಗ ಹೋಗು," ಎನ್ನುತ್ತಿದ್ದಳು. ಎಷ್ಟೋ ಸಲ ನಾನು ರೇಗಿದ್ದೇನೆ. ಒಮ್ಮೆ ಫೋನು ಕಟ್ ಕೂಡ ಮಾಡಿದ್ದೆ...

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಉಬ್ಬಸ ಇತ್ತು, ಹೇಳಿಕೊಂಡಿರಲಿಲ್ಲ. ಒಂದು ತುಣುಕು ಮೋಡವೂ ಇಲ್ಲದ ಬೆಳಗ್ಗೆ, ಮಂಚದ ಮೇಲೆ ಕುಳಿತೇ ಹೋದಳಂತೆ. ನಾನು ಊರು ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಬಸ್ ನಿಲ್ದಾಣದಿಂದ ಬಂದ ಮಾರನೆಯ ಮಧ್ಯಾಹ್ನವೇ ಇಲ್ಲಿ ಮೋಡ ಕಟ್ಟಿತು. ಅಂಗಳದಲ್ಲಿದ್ದ ಮಕ್ಕಳನ್ನು ಒಳಗೆ ಕರೆದುಕೊಂಡು, ಕಿಟಕಿಯ ಸರಳುಗಳಿಂದ ದೂರ, ಕೋಣೆಯ ನಡುವೆ ಕೂರಿಸಿದೆ. ಈ ಹೆದರಿಕೆ ಹೋಗುವುದಿಲ್ಲ, ಹೋಗಲಿ ಎಂದು ನಾನೂ ಕೇಳಿಕೊಂಡಿಲ್ಲ. ಹುಲಿಗೆಮ್ಮನಿಗೆ ಫೋನ್ ಮಾಡಿದೆ. ಆ ಉಳಿದ ಗುಂಪನ್ನು ಈಗ ನಡೆಸುತ್ತಿರುವುದು ಅವಳೇ.

"ಒಳಗದೀರೇನು?"

"ಒಳಗದೀವಕ್ಕ. ಎಲ್ಲಾರೂ ಅದೀವಿ. ನೀ?"

"ನಾನೂ ಒಳಗದೀನಿ."

ಇಬ್ಬರೂ ಫೋನ್ ಇಡಲಿಲ್ಲ. ಅಲ್ಲಿನ ಮಳೆ ನನಗೆ, ಇಲ್ಲಿನ ಮಕ್ಕಳ ಗದ್ದಲ ಅವಳಿಗೆ ಕೇಳಿಸುತ್ತಿತ್ತು. ಅಕ್ಕನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗುಡುಗಿದರೆ ಯಾರ್ಯಾರಿಗಾಗಿ ಹೆದರಬೇಕು ಎನ್ನುವುದು ಈಗ ನನಗೆ ಚೆನ್ನಾಗಿ ಗೊತ್ತು. ನನಗಾಗಿ ಹೆದರುತ್ತಿದ್ದವಳು ಮಾತ್ರ ಇಲ್ಲ.